ಹಾಕಿದ್ದು ಎಂಟು, ತೋರಿಸಿದ್ದು ಏಳೂ ಚಿಲ್ಲರೆ

ನಮ್ಮ ದೊಡ್ಡಮ್ಮ ಮುಂದೊಂದು ದಿನ ಸ್ವರ್ಗದ ಬಾಗಿಲಿಗೆ ಹೋದಾಗ ಅಲ್ಲಿ ಏನಾಗುತ್ತದೆ ಎಂಬುದು ನನಗೆ ಈಗಲೇ ಗೊತ್ತು. ಚಿತ್ರಗುಪ್ತ ಪಾಪಪುಣ್ಯ ತೂಗಲು ತಕ್ಕಡಿ ಎತ್ತುತ್ತಾನೆ. ದೊಡ್ಡಮ್ಮ ಅವನ ಕೈ ತಡೆದು, "ಸ್ವಲ್ಪ ನಿಲ್ಲಪ್ಪ. ಈ ತಕ್ಕಡಿಗೆ ಮುದ್ರೆ ಹಾಕಿಸಿ ಎಷ್ಟು ವರ್ಷ ಆಯ್ತು?" ಎಂದು ಕೇಳುತ್ತಾರೆ. ಅವನು ತಡವರಿಸುತ್ತಾನೆ. ಅಷ್ಟೇ, ತಕ್ಕಡಿ ಜಪ್ತಿ! ಹಿಂದೆ ಸಾಲುಗಟ್ಟಿ ನಿಂತ ಆತ್ಮಗಳೆಲ್ಲ ಹೊಸ ತಕ್ಕಡಿ ಬರುವವರೆಗೆ ಅಲ್ಲೇ ಕೂತಿರಬೇಕು.

ಇದು ಉತ್ಪ್ರೇಕ್ಷೆ ಎಂದು ನಿಮಗನ್ನಿಸಿದರೆ ನೀವು ಅವರ ಜೊತೆ ಒಮ್ಮೆಯೂ ತರಕಾರಿ ತರಲು ಹೋಗಿಲ್ಲ ಎಂದರ್ಥ. ನನ್ನ ಅಮ್ಮನ ಅಕ್ಕ ಇವರು. ಮೂವತ್ತೊಂದು ವರ್ಷ ದೆಹಲಿಯಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿದ್ದವರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಬಟ್ಟೆ ಅಳೆಯುವ ಕಡ್ಡಿ, ಎಣ್ಣೆ ಅಳೆಯುವ ಡಬ್ಬ ಎಲ್ಲವನ್ನೂ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕಿತ್ತುಕೊಂಡು ಬರುವುದು ಅವರ ಕೆಲಸ. ಚಿತ್ರದುರ್ಗದಿಂದ ಬಂದ, ಐದಡಿಗೆ ಎರಡಂಗುಲ ಕಡಿಮೆ ಎತ್ತರದ, ಹತ್ತಿ ಸೀರೆಯ ಈ ಹೆಂಗಸು ಸೈಕಲ್ ರಿಕ್ಷಾದಿಂದ ಕರೋಲ್ ಬಾಗಿನಲ್ಲಿ ಇಳಿದರೆ, "ಮದ್ರಾಸಿ ಮೇಡಂ ಆ ಗಯೀ!" ಎಂಬ ಸುದ್ದಿ ಅವರಿಗಿಂತ ಮುಂಚೆ ಬೀದಿಯ ಆ ತುದಿ ಮುಟ್ಟುತ್ತಿತ್ತಂತೆ. ಅದುವರೆಗೆ ಒಂಬೈನೂರು ಗ್ರಾಮಿಗೇ ಕಿಲೋ ಆಗುತ್ತಿದ್ದ ದ್ರಾಕ್ಷಿಗೆ ಅಂದು ಮಾತ್ರ ಎರಡು ಗೊಂಚಲು ಹೆಚ್ಚೇ ಬೀಳುತ್ತಿತ್ತಂತೆ!

ಮದುವೆಯಾಗಲಿಲ್ಲ. ಬಂದ ವರಗಳೆಲ್ಲ ತೂಕದಲ್ಲಿ ಕಡಿಮೆ ಬಿದ್ದರು ಎನ್ನುವುದು ನಮ್ಮ ಮನೆಯವರ ತಮಾಷೆ. ನಿವೃತ್ತಿಯಾದ ಮೇಲೆ ದೆಹಲಿಯ ಪಕ್ಕದ ಗಾಜಿಯಾಬಾದಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟೊಂದರಲ್ಲಿ ಒಬ್ಬರೇ ಇದ್ದಾರೆ. ನಿವೃತ್ತಿ ಅಂದೆನಲ್ಲ, ಇಲಾಖೆಯವರು ಹಾರ ಹಾಕಿ ಕಳಿಸಿದರು, ನಿಜ. ದೊಡ್ಡಮ್ಮ ಅದನ್ನು ವರ್ಗಾವಣೆ ಎಂದು ತಿಳಿದುಕೊಂಡಂತಿದೆ.

ಅವರ ಮನೆಯಲ್ಲಿ ಕಾಫಿ ಬೇಕೆಂದರೆ ಅರ್ಧ ಗಂಟೆ ಮೊದಲೇ ಆಸೆಪಡಬೇಕು. ಹಾಲಿನ ಪ್ಯಾಕೆಟ್ಟು ಒಡೆದು, ಅಳತೆಯ ಜಾಡಿಗೆ ಸುರಿದು, ನೊರೆ ಪೂರ್ತಿ ಇಳಿಯುವವರೆಗೆ ಕನ್ನಡಕ ಹಾಕಿಕೊಂಡು ಕಾದು, ಅರ್ಧ ಲೀಟರಿನ ಗೆರೆ ಮುಟ್ಟಿದೆ ಎಂದು ಖಾತ್ರಿಯಾದ ಮೇಲೇ ಅದು ಒಲೆಯ ಮೇಲೆ ಹೋಗುತ್ತದೆ. ಇನ್ನು ಅವರ ಅಪಾರ್ಟ್‌ಮೆಂಟಿನ ಲಿಫ್ಟು! ಅದರಲ್ಲಿ "ಎಂಟು ಜನ, 544 ಕಿಲೋ" ಎಂದು ಬರೆದಿದೆ. ನಾವೆಲ್ಲ ಅದನ್ನು ಓದುತ್ತೇವೆ, ಹತ್ತುತ್ತೇವೆ. ದೊಡ್ಡಮ್ಮ ಗುಂಡಿ ಒತ್ತುವ ಮುಂಚೆ ಒಬ್ಬೊಬ್ಬರ ಮುಖವನ್ನೂ ನೋಡಿ, "ಆಪ್ ಕಿತನೇ ಕಿಲೋ ಕೇ ಹೈಂ?" ಎಂದು ತೂಕ ಕೇಳಿ ಕೂಡಿಸುತ್ತಾರೆ. ಆರನೇ ಮಹಡಿಯ ಒಬ್ಬ ಅಂಕಲ್ ಮೂರು ಸಲ ಈ ಪರೀಕ್ಷೆಗೆ ಒಳಗಾಗಿ ನಾಲ್ಕನೇ ಸಲದಿಂದ ಮೆಟ್ಟಿಲು ಹಿಡಿದರು. ವರ್ಷದೊಳಗೆ ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಈಗ ಪ್ರತಿ ದೀಪಾವಳಿಗೆ ದೊಡ್ಡಮ್ಮನಿಗೆ ಮಿಠಾಯಿ ಡಬ್ಬ ಕಳಿಸುತ್ತಾರೆ. ದೊಡ್ಡಮ್ಮ ಡಬ್ಬದ ತೂಕ ಕಳೆದು ಮಿಠಾಯಿ ತೂಗಿ, ಆಮೇಲೆ ಥ್ಯಾಂಕ್ಸ್ ಹೇಳುತ್ತಾರೆ.

ನಗು ಬರುತ್ತದೆ, ನಿಜ. ಆದರೆ ನನಗೆ ನಗುವಿಗಿಂತ ಬೆರಗೇ ಹೆಚ್ಚು. ಆ ಕೈಯನ್ನು ನೀವು ನೋಡಬೇಕು! ಚೀಲ ಎತ್ತಿ ಹಿಡಿದು "ಎರಡು ಕಿಲೋ ನೂರೈವತ್ತು" ಅಂದರೆ ಅದು ಎರಡು ಕಿಲೋ ನೂರೈವತ್ತೇ. ನಾನು ಹಳೆಯ ಕೋಟೆಗಳ ನೀರಿನ ವ್ಯವಸ್ಥೆಯ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೆ. ಮೊದಲ ಕರಡು ಮುದ್ರಿಸಿ ಹೆಮ್ಮೆಯಿಂದ ಅವರ ಕೈಯಲ್ಲಿಟ್ಟಾಗ ಒಂದು ಕ್ಷಣ ತೂಗಿ ನೋಡಿ, "ಒಂದು ಕಿಲೋ ಎಂಟುನೂರು. ಇದರಲ್ಲಿ ಸತ್ವ ಎಷ್ಟು?" ಎಂದರು. ಎರಡು ವಾರದ ನಂತರ ನನ್ನ ಗೈಡ್ ಅದೇ ಪ್ರಶ್ನೆಯನ್ನು ಆರು ಪುಟಗಳಲ್ಲಿ ಬರೆದು ಕಳಿಸಿದರು.

ಅವರು ನನಗೆ ಕಲಿಸಿದ ಪಾಠಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಹಳೆ ಪೇಪರ್ ಕೊಳ್ಳುವ ಕಬಾಡಿಯವರ ಗೋದಾಮಿನಲ್ಲಿ ನಿಲ್ಲುವ ತಕ್ಕಡಿ ಇರುತ್ತದೆ. ಕೆಳಗೆ ಹಲಗೆ, ಮೇಲೆ ಅಂಕಿ ಕೊರೆದ ಉದ್ದನೆಯ ಕಡ್ಡಿ, ಕಡ್ಡಿಯ ಮೇಲೆ ಜಾರುವ ಒಂದು ಗುಂಡು. ಗುಂಡನ್ನು ಜಾರಿಸುತ್ತಾ ಹೋದಾಗ ಕಡ್ಡಿ ಎಲ್ಲಿ ಸಮವಾಗಿ ನಿಲ್ಲುತ್ತದೋ ಅಲ್ಲಿರುವ ಅಂಕಿಯೇ ತೂಕ. ಆ ಗುಂಡಿನ ಹೊಟ್ಟೆಗೆ ಗುಟ್ಟಾಗಿ ಸೀಸ ತುಂಬಿದರೆ ಗುಂಡು ಭಾರವಾಗಿ ಕಡ್ಡಿ ಬೇಗ ಸಮ ನಿಲ್ಲುತ್ತದೆ. ನಿಮ್ಮ ಇಪ್ಪತ್ತು ಕಿಲೋ ಪೇಪರು ಹದಿನೆಂಟೂವರೆ ಆಗುತ್ತದೆ!

"ನೆನಪಿಟ್ಕೋ, ಮಾರೋನ ತಕ್ಕಡಿ ಮೋಸ ಮಾಡಿದ್ರೆ ಜಾಸ್ತಿ ತೋರಿಸುತ್ತೆ. ಕೊಳ್ಳೋನ ತಕ್ಕಡಿ ಮೋಸ ಮಾಡಿದ್ರೆ ಕಡಿಮೆ ತೋರಿಸುತ್ತೆ. ಕಡಿಮೆ ತೋರಿಸೋ ತಕ್ಕಡಿ ಕಂಡ್ರೆ ಅದರ ಯಜಮಾನನಿಗೆ ಮಾಲು ಬೇಕಾಗಿದೆ ಅಂತ ತಿಳ್ಕೋ" ಎಂದಿದ್ದರು. ನಾನು ತಲೆಯಾಡಿಸಿದ್ದೆ. ಇತಿಹಾಸದ ವಿದ್ಯಾರ್ಥಿನಿಗೆ ಇದೆಲ್ಲ ಯಾವ ಉಪಯೋಗಕ್ಕೆ ಎಂದುಕೊಂಡಿದ್ದೆ.

ಇನ್ನು ನಾನು ದೆಹಲಿಗೆ ಬಂದ ದಿನದ ಕಥೆ. ನೀವು ಯಾವುದಾದರೂ ಊರಿಗೆ ಹೋದಾಗ ನೆಂಟರು ಸ್ಟೇಷನ್ನಿಗೆ ಬಂದು ಏನು ಮಾಡುತ್ತಾರೆ? ಬ್ಯಾಗು ಹಿಡಿದುಕೊಳ್ಳುತ್ತಾರೆ, ಪ್ರಯಾಣ ಹೇಗಿತ್ತು ಅನ್ನುತ್ತಾರೆ. ನಮ್ಮ ದೊಡ್ಡಮ್ಮ ನನ್ನನ್ನು ನೇರ ಪಾರ್ಸೆಲ್ ಆಫೀಸಿಗೆ ಕರೆದೊಯ್ದು, ಚಪ್ಪಲಿ ಬಿಡಿಸಿ, ಮಾವಿನ ಪೆಟ್ಟಿಗೆಗಳ ಪಕ್ಕದಲ್ಲಿ ತಕ್ಕಡಿ ಹತ್ತಿಸಿದರು! ಐವತ್ತೆರಡು ಕಿಲೋ. ಅಲ್ಲಿಂದಲೇ ಅಮ್ಮನಿಗೆ ಫೋನು. "ನಿನ್ನ ಮಗಳು ತಲುಪಿದ್ಳು ಕಣೇ. ಐವತ್ತೆರಡು ಕಿಲೋ ಸ್ವೀಕರಿಸಿದ್ದೀನಿ. ಓದು ಮುಗಿದ ಮೇಲೆ ಐವತ್ತೆರಡು ಕಿಲೋನೇ ವಾಪಸ್ ಕೊಡ್ತೀನಿ. ಗ್ರಾಮು ಕಡಿಮೆಯಾದ್ರೆ ಕೇಳು." ಹಮಾಲಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆದರೆ ವಿಧಿಗೂ ದೊಡ್ಡಮ್ಮನನ್ನು ಕೆಣಕುವ ಆಸೆ. ನಾನು ದೆಹಲಿಯ ಮುನಿರ್ಕಾದ ಗಲ್ಲಿಯೊಂದರಲ್ಲಿ, ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯವರ ಉಪ್ಪಿನ ಡಬ್ಬ ಸಿಗುವಂಥ ಕೋಣೆಯಲ್ಲಿ, ಪಟ್ನಾದ ಹುಡುಗಿಯೊಬ್ಬಳ ಜೊತೆ ಇದ್ದೆ. ಮೊದಲ ಮಳೆಗಾಲದಲ್ಲೇ ಕಾಮಾಲೆ ಬಂತು. ಹೇಳಿದರೆ ಊರಿಗೆ ಕಳಿಸಿಬಿಡುತ್ತಾರೆಂದು ಯಾರಿಗೂ ಹೇಳಲಿಲ್ಲ. ಹತ್ತು ದಿನವಾದ ಮೇಲೆ ರೂಮ್‌ಮೇಟೇ ಹೆದರಿ ದೊಡ್ಡಮ್ಮನಿಗೆ ಫೋನು ಮಾಡಿದಳು. ಅವರು ಬಂದು ಬಾಗಿಲಲ್ಲಿ ನಿಂತವರು ನನ್ನ ಹಳದಿ ಕಣ್ಣು ನೋಡಿದರು. ಬಯ್ಯಲಿಲ್ಲ. ರೆಟ್ಟೆ ಹಿಡಿದು ಎಬ್ಬಿಸಿ, "ನಲವತ್ತನಾಲ್ಕು" ಎಂದರು, ಅಷ್ಟೇ. ಗಾಜಿಯಾಬಾದಿಗೆ ಕರೆದುಕೊಂಡು ಹೋಗಿ ಮೂರು ವಾರ ಗಂಜಿ, ಮಜ್ಜಿಗೆ, ಕಬ್ಬಿನ ಹಾಲು ಕುಡಿಸಿದರು.

ಆಮೇಲೆ ಹರಾಜಿನಲ್ಲಿ ಒಂದು ಹಳೆಯ ನಿಲ್ಲುವ ತಕ್ಕಡಿ ತಂದು ಊಟದ ಕೋಣೆಯಲ್ಲಿ ಸ್ಥಾಪಿಸಿದರು. ಅಂದಿನಿಂದ ಪ್ರತಿ ಭಾನುವಾರ ನಾನು ಎರಡು ಕಡೆ ಮೆಟ್ರೋ ಬದಲಿಸಿ, ಇ-ರಿಕ್ಷಾ ಹಿಡಿದು ಬಂದು ತಕ್ಕಡಿ ಹತ್ತಬೇಕು ಎಂದು ಫರ್ಮಾನಾಯಿತು. ಗುಂಡು ಜಾರಿಸುವುದು ಅವರೇ. ನಾನು ಮುಟ್ಟುವಂತಿಲ್ಲ. ನಲವತ್ತೈದು. ನಲವತ್ತಾರು. ನಲವತ್ತೆಂಟು. ಕೊರತೆ ಎಷ್ಟೋ ಅದಕ್ಕೆ ತಕ್ಕ ಪರಿಹಾರ: ನೂರು ಗ್ರಾಮಿಗೆ ಒಂದು ರವೆ ಉಂಡೆ. ನಾಲ್ಕು ಕಿಲೋ ಕೊರತೆಯಿದ್ದರೆ ನಲವತ್ತು ಉಂಡೆ! ಅವನ್ನೆಲ್ಲ ಡಬ್ಬಿಗೆ ತುಂಬಿ ಮುನಿರ್ಕಾಗೆ ಹೊತ್ತು ತಂದರೆ ಪಟ್ನಾದವಳು ಬಾಗಿಲಲ್ಲೇ ಕಾಯುತ್ತಿರುತ್ತಿದ್ದಳು. ವಾರಕ್ಕೆ ಇಪ್ಪತ್ತು ಉಂಡೆ ಅವಳದು. "ಭಗವಾನ್ ಕರೇ, ತೂ ಕಭೀ ಮೋಟೀ ನ ಹೋ" ಎಂದು, ನಾನು ಎಂದೂ ದಪ್ಪಗಾಗದಿರಲೆಂದು ಪ್ರಾರ್ಥಿಸುತ್ತಿದ್ದಳು. ಆ ಪ್ರಾರ್ಥನೆ ಫಲಿಸಿತೋ ಏನೋ, ವರ್ಷ ಉರುಳಿದರೂ ನಾನು ಐವತ್ತೆರಡು ಮುಟ್ಟಲೇ ಇಲ್ಲ. ಸಲ್ವಾರಿನ ಲಾಡಿ ಮಾತ್ರ ಬೇರೆ ಏನೋ ಹೇಳುತ್ತಿತ್ತು. ಆದರೆ ಮೂವತ್ತೊಂದು ವರ್ಷದ ಇನ್‌ಸ್ಪೆಕ್ಟರ್ ಎದುರು ಲಾಡಿಯ ಸಾಕ್ಷಿ ಯಾರು ಕೇಳುತ್ತಾರೆ?

ಪ್ರಬಂಧ ಒಪ್ಪಿಸಲು ಎರಡು ತಿಂಗಳಿರುವಾಗ ನನ್ನ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ನಾಲ್ಕು ಅಧ್ಯಾಯಗಳು ಅದರ ಹೊಟ್ಟೆಯೊಳಗೆ! ನಾನು ಅಳುತ್ತಾ ಗಾಜಿಯಾಬಾದಿಗೆ ಓಡಿದೆ. ದೊಡ್ಡಮ್ಮ ನನ್ನನ್ನು ಅವರ ಕಾಲೊನಿಯ ಸಕ್ಸೇನಾಜಿಯ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದರು. ಸಣಕಲು ಮನುಷ್ಯ, ಮೆಲ್ಲಗಿನ ಮಾತು. ಸತ್ತ ಯಂತ್ರದ ಹೊಟ್ಟೆ ಬಗೆದು ನಾಲ್ಕೂ ಅಧ್ಯಾಯಗಳನ್ನು ಅಡಿಟಿಪ್ಪಣಿ ಸಮೇತ ಉಳಿಸಿಕೊಟ್ಟರು. ಅವರ ಕಾಲಿಗೆ ಬೀಳುವುದೊಂದು ಬಾಕಿ ನನಗೆ. ದೊಡ್ಡಮ್ಮ ಅಲ್ಲೇ ನನಗೊಂದು ಹೊಸ ಲ್ಯಾಪ್‌ಟಾಪ್ ಕೊಡಿಸಿದರು. "ಎಂಟು ಜಿಬಿ ಮೆಮೊರಿ, ಮೇಡಂಜೀ" ಎಂದರು ಸಕ್ಸೇನಾಜಿ. ದೊಡ್ಡಮ್ಮ "ಎಂಟು" ಎಂದು ಎರಡು ಸಲ ಹೇಳಿಸಿಕೊಂಡರು.

ಆ ಅಂಗಡಿಯಲ್ಲಿ, ಲಕ್ಷ್ಮಿ ಗಣೇಶರ ಪಟದ ಪಕ್ಕದಲ್ಲಿ, ಚೌಕಟ್ಟು ಹಾಕಿದ ಒಂದು ಚೀಟಿ ತೂಗುತ್ತಿತ್ತು. ಅದು ದೊಡ್ಡಮ್ಮ ಕೊಟ್ಟದ್ದು. ತಮಗೆ ಪ್ರಾಮಾಣಿಕ ಎನ್ನಿಸಿದ ಅಂಗಡಿಗೆ ಅವರು ಚೀಟಿ ಕೊಡುತ್ತಾರೆ. "ಪರೀಕ್ಷಿಸಲಾಗಿದೆ, ಸರಿಯಿದೆ" ಎಂದು ಕನ್ನಡದಲ್ಲಿ ಬರೆದು ರುಜು ಹಾಕಿರುತ್ತಾರೆ. ಕಾಲೊನಿಯಲ್ಲಿ ಒಬ್ಬರಿಗೂ ಕನ್ನಡ ಬಾರದು! ಆದರೂ ಹೆಂಗಸರೆಲ್ಲ ಜಿಲೇಬಿ ಅಕ್ಷರದ ಚೀಟಿ ಇದೆಯೇ ಎಂದು ನೋಡಿಯೇ ಅಂಗಡಿಯೊಳಗೆ ಕಾಲಿಡುತ್ತಾರೆ. ಇಡೀ ಕಾಲೊನಿಯಲ್ಲಿ ಏಳೇ ಚೀಟಿ. ಹಿಂದೊಮ್ಮೆ ಮಿಠಾಯಿ ಅಂಗಡಿಯೊಂದರ ಚೀಟಿಯನ್ನು ದೊಡ್ಡಮ್ಮ ಇಳಿಸಿದ್ದರು. ಆರು ತಿಂಗಳಲ್ಲಿ ಆ ಅಂಗಡಿ ಖಾಲಿಯಾಯಿತು.

ಮುಂದಿನ ಭಾನುವಾರ ಊಟವಾದ ಮೇಲೆ ದೊಡ್ಡಮ್ಮ ಕನ್ನಡಕ ಏರಿಸಿದರು. "ಎಂಟು ಅಂತ ಕೊಟ್ಟಿದ್ದಾನಲ್ಲ, ಎಂಟು ಇದೆಯಾ ತೋರಿಸು." ನಾನು ಸೆಟ್ಟಿಂಗ್ಸಿನೊಳಗೆ ಹೋಗಿ ಯಂತ್ರದ ವಿವರ ತೆರೆದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಾಕಿರುವುದು 8.00 ಜಿಬಿ. ಬಳಕೆಗೆ ಸಿಗುವುದು 7.40 ಜಿಬಿ.

ಫ್ರಿಜ್ಜು ಕೂಡ ಗುಂಯ್‌ಗುಡುವುದನ್ನು ನಿಲ್ಲಿಸಿದಂತೆ ನನಗನ್ನಿಸಿತು.

"ಉಳಿದದ್ದು ಎಲ್ಲಿ?"

"ಅದೇನೋ ಹಾಗೇ ಇರುತ್ತಂತೆ ದೊಡ್ಡಮ್ಮ. ಎಲ್ಲರದ್ದರಲ್ಲೂ ಸ್ವಲ್ಪ ಕಡಿಮೆನೇ ತೋರಿಸುತ್ತೆ. ಹೋಗಲಿ ಬಿಡಿ."

"ಹೋಗಲಿ?!" ಎಂದರು. ಇದಕ್ಕಿಂತ ನಾನು ಅವರ ಕೆನ್ನೆಗೆ ಹೊಡೆದಿದ್ದರೆ ಅವರು ಕ್ಷಮಿಸುತ್ತಿದ್ದರು. "ಎಲ್ಲರದ್ದರಲ್ಲೂ ಕಡಿಮೆ ಅಂತ ಅಂಗಡಿಯೋರು ಹೇಳೋದು ಕೇಳಿದ್ದೀನಿ. ತಗೊಂಡೋರ ಬಾಯಲ್ಲಿ ಕೇಳ್ತಿರೋದು ಇವತ್ತೇ. ಕರ್ಪೂರ ಆಗಿದ್ರೆ ಹಾರಿ ಹೋಯ್ತು ಅನ್ನಬಹುದಿತ್ತು. ಉಪ್ಪಾಗಿದ್ರೆ ಕರಗಿತು ಅನ್ನಬಹುದಿತ್ತು. ಇದಕ್ಕೇನು ರೋಗ?" ಬೆರಳು ಮಡಿಸಿ ಲೆಕ್ಕ ಹಾಕಿದರು. "ಎಂಟಕ್ಕೆ ಅರವತ್ತು ಪಾಯಿಂಟು. ಅಂದ್ರೆ ನೂರಕ್ಕೆ ಏಳೂವರೆ."

ಹಾಗೆಂದವರ ಬೆರಳು ಮಡಿಸಿದಲ್ಲೇ ನಿಂತಿತು. ಅವರ ಮುಖ ಒಂದು ಥರ ಆಯಿತು. ಸಿಟ್ಟು ಎಂದುಕೊಂಡೆ. "ನೂರಕ್ಕೆ ಏಳೂವರೆ" ಎಂದು ಮತ್ತೊಮ್ಮೆ ತಮಗೇ ಹೇಳಿಕೊಂಡು ಚಪ್ಪಲಿ ಮೆಟ್ಟಿದರು. ನಾನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹಿಂದೆಯೇ ಓಡಿದೆ. ಸಕ್ಸೇನಾಜಿಯ ಮೆಲ್ಲಗಿನ ಮಾತು, ನನ್ನ ನಾಲ್ಕು ಅಧ್ಯಾಯ, ಖಾಲಿಯಾದ ಮಿಠಾಯಿ ಅಂಗಡಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮೋಸ ಮಾಡುವ ಮನುಷ್ಯನಲ್ಲ ಅವರು. ಆದರೆ ಪರದೆಯ ಮೇಲಿನ ಅಂಕಿ ಏಳೂ ನಲವತ್ತೇ.

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ದೊಡ್ಡಮ್ಮ ಯಾರಿಗೂ ನಮಸ್ಕಾರ ಹೇಳದೆ ನೇರ ಗೋಡೆಯ ಬಳಿ ಹೋಗಿ, ತುದಿಗಾಲಲ್ಲಿ ನಿಂತು, ಚೌಕಟ್ಟನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿ ಮೆಲ್ಲಗೆ ಹೊರಗೆ ಜಾರಿದರು. ಸಕ್ಸೇನಾಜಿಯ ಮುಖ ಬಿಳಿಚಿಕೊಂಡಿತು.

"ಮೇಡಂಜೀ, ಕ್ಯಾ ಗಲತೀ ಹುಯೀ?" ಏನು ತಪ್ಪಾಯಿತೆಂದು ಕೇಳಿದರು.

"ಭಯ್ಯಾ, ಆಠ್ ಬೋಲಾ, ಸಾಢೇ ಸಾತ್ ಭೀ ನಹೀಂ ದಿಯಾ" ಎಂದರು ದೊಡ್ಡಮ್ಮ, ಎಂಟು ಹೇಳಿ ಏಳೂವರೆಯೂ ಕೊಟ್ಟಿಲ್ಲವೆಂದು. ಅವರ ಹಿಂದಿಗೆ ಇಂದಿಗೂ ಚಿತ್ರದುರ್ಗದ ಬಂಡೆಯ ಗಟ್ಟಿತನವಿದೆ.

ಸಕ್ಸೇನಾಜಿ ಪರದೆ ನೋಡಿದರು. ಅವರ ಹೋದ ಉಸಿರು ಬಂತು. ಸ್ಕ್ರೂಡ್ರೈವರ್ ತೆಗೆದುಕೊಂಡು ಲ್ಯಾಪ್‌ಟಾಪಿನ ತಳ ಬಿಚ್ಚಿ, ಮೆಮೊರಿಯ ಪಟ್ಟಿ ತೋರಿಸಿದರು. ಅದರ ಮೇಲೆ ಎಂಟು ಎಂದೇ ಇತ್ತು. ಅವರು ಹಿಂದಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು. ದೊಡ್ಡ ಯಂತ್ರಗಳಲ್ಲಿ ಚಿತ್ರ ತೋರಿಸಲು ಬೇರೆಯೇ ಕಾರ್ಡು, ಅದಕ್ಕೆ ಬೇರೆಯೇ ಮೆಮೊರಿ ಇರುತ್ತದೆ. ಇದರಲ್ಲಿ ಅದಿಲ್ಲ. ಹಾಗಾಗಿ ಯಂತ್ರ ಎಚ್ಚರವಾಗುವಾಗಲೇ, ವಿಂಡೋಸ್ ಇನ್ನೂ ಕಣ್ಣು ಬಿಡುವ ಮುಂಚೆ, ಎಂಟರಲ್ಲಿ ಅರ್ಧ ಜಿಬಿಯನ್ನು ಪರದೆಗೆಂದು ತೆಗೆದಿಟ್ಟುಬಿಡುತ್ತದೆ. ಮಿಕ್ಕ ಹತ್ತು ಪಾಯಿಂಟು ಒಳಗಿನ ಇತರ ಚೂರುಪಾರು ಕೆಲಸಗಳಿಗೆ. ಹಾಗೆ ತೆಗೆದಿಟ್ಟದ್ದನ್ನು ವಿಂಡೋಸ್ ಮುಟ್ಟುವಂತಿಲ್ಲ. ಆದ್ದರಿಂದ ಬಳಕೆಗೆ ಸಿಗುವುದು ಏಳೂ ನಲವತ್ತು.

"ಬಾಯಿ ಮಾತು ಬೇಡ, ಪರೀಕ್ಷೆ ಮಾಡಿ ತೋರಿಸಿ" ಎಂದರು ದೊಡ್ಡಮ್ಮ.

ಸಕ್ಸೇನಾಜಿ ತಳ ಮುಚ್ಚಿ ಯಂತ್ರವನ್ನು ಆರಿಸಿ ಹೊತ್ತಿಸಿದರು. ಅದು ಏಳುವ ಮೊದಲು ಬರುವ ನೀಲಿ ಪರದೆಯೊಳಗೆ ಹೋಗಿ, ಚಿತ್ರಕ್ಕೆ ತೆಗೆದಿಡುವುದನ್ನು ಅರ್ಧದಿಂದ ಎರಡು ಜಿಬಿಗೆ ಏರಿಸಿದರು. ಯಂತ್ರ ಎದ್ದಿತು. ಬಳಕೆಗೆ ಸಿಗುವುದು: 5.90. ಮತ್ತೆ ಆರಿಸಿ, ಎರಡನ್ನು ಅರ್ಧಕ್ಕೆ ಇಳಿಸಿದರು. 7.40. ಇಲ್ಲಿ ಒಂದೂವರೆ ಹಾಕಿದರೆ ಅಲ್ಲಿ ಒಂದೂವರೆ ಕಡಿಮೆ. ಇಲ್ಲಿ ತೆಗೆದರೆ ಅಲ್ಲಿ ಬಂತು. ತಕ್ಕಡಿಯ ಎರಡು ತಟ್ಟೆ! ದೊಡ್ಡಮ್ಮನ ಕಣ್ಣು ಅರಳಿತು. ಮೂರು ಸಲ ಮಾಡಿಸಿ ನೋಡಿದರು.

"ಪೂರ್ತಿ ಸೊನ್ನೆ ಮಾಡಿದ್ರೆ?"

"ಮಾಡಕ್ಕೆ ಇದು ಬಿಡಲ್ಲ ಮೇಡಂಜೀ" ಎಂದರು ಸಕ್ಸೇನಾಜಿ. "ಬಿಟ್ಟರೂ ಏನು ಪ್ರಯೋಜನ? ಎಂಟಕ್ಕೆ ಎಂಟೂ ನಿಮ್ಮದೇ ಆಗುತ್ತೆ, ಪರದೆ ಮಾತ್ರ ಕಪ್ಪಾಗಿರುತ್ತೆ. ನೋಡೋದಕ್ಕೆ ಅಂತ ಒಂದಿಷ್ಟು ಇಟ್ಕೊಳ್ಳೇಬೇಕು."

ದೊಡ್ಡಮ್ಮ ಪರದೆಯ ಮೇಲಿನ 8.00, 7.40 ಎರಡರ ಮೇಲೂ ಬೆರಳಾಡಿಸಿದರು. ಆಮೇಲೆ ಕೇಳಿದರು. "ಈ ಕಡಿಮೆ ಇರೋದನ್ನ ಇಲ್ಲಿ ಬರೆದೋರು ಯಾರು? ನೀವಾ?"

"ನಾನಲ್ಲ. ಅದೇ ಬರೆದುಕೊಳ್ಳುತ್ತೆ."

"ಯಾರೂ ಬಂದು ಕೇಳದೇನೇ?"

"ಯಾರೂ ಕೇಳದೇನೇ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಾನು ಅಂಥ ಬೆರಗನ್ನು ಹಿಂದೆಂದೂ ಕಂಡಿರಲಿಲ್ಲ. "ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ತಕ್ಕಡಿ ನೋಡಿದ್ದೀನೋ ಕಣೇ. ನನ್ನಲ್ಲಿ ಇಷ್ಟಿದೆ, ಆದ್ರೆ ಇಷ್ಟೇ ತೋರಿಸ್ತಾ ಇದ್ದೀನಿ ಅಂತ ತನ್ನ ಹಣೆ ಮೇಲೆ ತಾನೇ ಬರ್ಕೊಂಡಿರೋ ತಕ್ಕಡಿ ಒಂದೂ ನೋಡಿರ್ಲಿಲ್ಲ." ಹಾಗೆಂದು ಲ್ಯಾಪ್‌ಟಾಪಿಗೆ ಕೈ ಮುಗಿದರು! ನಿಜವಾಗಿಯೂ, ಎರಡೂ ಕೈ ಜೋಡಿಸಿ. ಆಮೇಲೆ ಕಂಕುಳಿನ ಚೌಕಟ್ಟನ್ನು ಸೆರಗಿನಿಂದ ಒರೆಸಿ, ಅದೇ ಮೊಳೆಗೆ ತೂಗುಹಾಕಿ, ಸಕ್ಸೇನಾಜಿಗೆ "ಮುಝೇ ಮಾಫ್ ಕರ್ ದೀಜಿಯೇ, ಭಯ್ಯಾ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಹೊರಗೆ ಹೋಗಿ, ಚಹಾ ಗಾಡಿಯ ಬಳಿ ಪಿಸುಗುಡುತ್ತಿದ್ದ ಆ ಇಬ್ಬರು ಗಿರಾಕಿಗಳನ್ನು ಕೈ ಹಿಡಿದು ಅಂಗಡಿಗೆ ವಾಪಸ್ಸು ಕರೆತಂದು ಕೂರಿಸಿದರು. "ತಪ್ಪು ನನ್ನದು, ಇವರದಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ದೊಡ್ಡಮ್ಮ ತಪ್ಪಾಯಿತು ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಸಕ್ಸೇನಾಜಿ ಗಡಿಬಿಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದರು. ಲೋಟ ಅರ್ಧವೇ ತುಂಬಿತ್ತು. ದೊಡ್ಡಮ್ಮ ಏನೂ ಅನ್ನಲಿಲ್ಲ!

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮನೆಗೆ ಬಂದ ಮೇಲೆ ದೊಡ್ಡಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಅವರಿಗೆ ಅವಮಾನವಾಗಿದೆ ಎಂದು ನಾನು ನನ್ನ ಓದಿಗೆ ಕೂತೆ. ಸಂಜೆ ನಾನು ಹೊರಡಲು ಚೀಲ ಎತ್ತಿಕೊಂಡಾಗ, "ತೂಕ ನೋಡಿಲ್ಲ ಇವತ್ತು. ಬಾ, ನಿಲ್ಲು" ಎಂದರು.

ನಿಂತೆ. ಗುಂಡು ಜಾರಿಸಿದರು. ಐವತ್ತು.

"ಇನ್ನೂ ಎರಡು ಕಿಲೋ ಕಡಿಮೆ. ಇಪ್ಪತ್ತು ಉಂಡೆ" ಎಂದೆ ನಾನೇ ಮುಂದಾಗಿ.

"ಇಳಿ" ಎಂದರು. ಮಂಚದ ಕೆಳಗಿನಿಂದ ಇಲಾಖೆಯ ಮುದ್ರೆಯಿದ್ದ ಇಪ್ಪತ್ತು ಕಿಲೋದ ಕಬ್ಬಿಣದ ಬಟ್ಟನ್ನು ಎಳೆದರು. ಇಬ್ಬರೂ ಸೇರಿ ಹಲಗೆಯ ಮೇಲಿಟ್ಟೆವು. ಗುಂಡು ಜಾರಿಸಿದರು. ಕಡ್ಡಿ ಹದಿನೆಂಟೂವರೆಯಲ್ಲಿ ಸಮನಾಗಿ ನಿಂತಿತು.

"ಹಳೇ ತಕ್ಕಡಿ ಅಲ್ವಾ ದೊಡ್ಡಮ್ಮ, ಕೆಟ್ಟಿರಬೇಕು" ಎಂದೆ.

ಅವರು ಗುಂಡನ್ನು ಕಡ್ಡಿಯಿಂದ ಬಿಚ್ಚಿ ತಿರುಗಿಸಿ ನನ್ನ ಅಂಗೈಯಲ್ಲಿಟ್ಟರು. ಅದರ ಹೊಟ್ಟೆಯಲ್ಲೊಂದು ತೂತು. ತೂತಿನೊಳಗೆ ತುಂಬಿದ ಸೀಸ ಮಂಕಾಗಿ ಹೊಳೆಯುತ್ತಿತ್ತು.

ನೂರಕ್ಕೆ ಏಳೂವರೆ!

"ಕಬಾಡಿಯೋರ ಕೆಲಸ. ನಾನೇ ಮಾಡಿದ್ದು" ಎಂದರು ದೊಡ್ಡಮ್ಮ. ತಪ್ಪಿತಸ್ಥ ಅಂಗಡಿಯವನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. "ನಿನಗೆ ಕಾಮಾಲೆ ಬಂದಾಗ ನಿಮ್ಮಮ್ಮನಿಗೆ ಕೊಟ್ಟ ಮಾತು ಹೋಯ್ತು ಅಂತ ಅನ್ನಿಸಿಬಿಡ್ತು. ಹೇಗಾದ್ರೂ ತಿನ್ನಿಸಬೇಕಿತ್ತು. ಇನ್ನೂ ಕಡಿಮೆ ಇದೆ ಅಂತ ತೋರಿಸಿದ್ರೆ ತಿಂತೀಯ ಅಂತ ಹೀಗೆ ಮಾಡಿದೆ. ವರ್ಷದೊಳಗೆ ನೀನು ಐವತ್ತೆರಡಾದೆ. ಈಗ ಐವತ್ನಾಲ್ಕು."

"ಮತ್ತೆ ಆವಾಗಲೇ ಸೀಸ ತೆಗೀಬಹುದಿತ್ತಲ್ಲ ದೊಡ್ಡಮ್ಮ?"

"ತೆಗೀಬಹುದಿತ್ತು" ಎಂದರು. ಸೆರಗಿನ ತುದಿ ತಿರುವಿದರು. "ತೂಕ ಸರ್‍ಹೋಯ್ತು ಅಂತ ಗೊತ್ತಾದ್ರೆ ನೀನು ಭಾನುವಾರ ಬರೋದು ನಿಲ್ಲಿಸ್ತೀಯ ಅಂತ ಭಯ ಆಯ್ತು ಕಣೇ. ಎರಡು ಗಂಟೆ ದಾರಿ. ನಿನಗೂ ಓದೋದಿರುತ್ತೆ, ಸ್ನೇಹಿತರಿರ್ತಾರೆ. ಈ ಮುದುಕಿ ಮುಖ ನೋಡೋಕೆ ಯಾರು ಬರ್ತಾರೆ? ಅವನು ಹೇಳಿದ್ನಲ್ಲ, ನೋಡೋದಕ್ಕೆ ಅಂತ ಒಂದಿಷ್ಟು ಇಟ್ಕೊಳ್ಳೇಬೇಕು ಅಂತ. ನಿನ್ನಲ್ಲಿ ನಾಲ್ಕು ಕಿಲೋ ನಾನು ಅದಕ್ಕೇ ಇಟ್ಕೊಂಡಿದ್ದೆ. ಆ ಯಂತ್ರಕ್ಕಿರೋ ಪ್ರಾಮಾಣಿಕತೆ ನನಗಿರ್ಲಿಲ್ಲ. ಹೇಳಲಿಲ್ಲ."

ಕರೋಲ್ ಬಾಗನ್ನೇ ನಡುಗಿಸಿದ ಹೆಂಗಸು ಇವರು. ಒಂದು ಗ್ರಾಮಿಗೂ ಯಾರನ್ನೂ ಬಿಟ್ಟವರಲ್ಲ. ಇಡೀ ಬಾಳಿನಲ್ಲಿ ಒಂದೇ ಒಂದು ಸುಳ್ಳು ತಕ್ಕಡಿ ಇಟ್ಟುಕೊಂಡರು, ಅದೂ ಊಟದ ಕೋಣೆಯಲ್ಲಿ, ನನ್ನೊಬ್ಬಳಿಗಾಗಿ. ನಗಬೇಕೆಂದುಕೊಂಡು, "ನೀವೇ ಹೇಳಿದ್ರಲ್ಲ ದೊಡ್ಡಮ್ಮ, ಕಡಿಮೆ ತೋರಿಸೋ ತಕ್ಕಡಿಯ ಯಜಮಾನನಿಗೆ ಮಾಲು ಬೇಕಾಗಿರುತ್ತೆ ಅಂತ" ಎಂದೆ. ಕೊನೆಯ ಮಾತು ಅಳುವಾಗಿ ಹೊರಬಂತು.

ಅವರು ಸುತ್ತಿಗೆ ಉಳಿ ತಂದು ಸೀಸ ಕಿತ್ತುಹಾಕಲು ಕೂತರು. ನಾನು ಗುಂಡನ್ನು ಕಸಿದುಕೊಂಡು ಕಡ್ಡಿಗೆ ಮತ್ತೆ ಸಿಕ್ಕಿಸಿದೆ. ಅವರು ಒಪ್ಪಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ದೊಡ್ಡಮ್ಮ ಸೀಮೆಸುಣ್ಣ ತೆಗೆದುಕೊಂಡು ತಕ್ಕಡಿಯ ಕಂಬದ ಮೇಲೆ ದುಂಡಾಗಿ ಬರೆದರು. "ಇರುವುದು 54. ತೋರಿಸುವುದು 50." ಕೆಳಗೆ ರುಜು ಹಾಕಿದರು.

ಪ್ರಬಂಧ ಒಪ್ಪಿಸಿ ಈಗ ಎರಡು ವರ್ಷವಾಯಿತು. ಇಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಮುನಿರ್ಕಾದ ಕೋಣೆ ಬಿಟ್ಟೆ, ಪಟ್ನಾದವಳು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಳು. ಭಾನುವಾರ ಮಾತ್ರ ಹಾಗೆಯೇ ಇದೆ. ಸೀಮೆಸುಣ್ಣದ ಅಕ್ಷರ ಅಳಿಸಿದಾಗಲೆಲ್ಲ ದೊಡ್ಡಮ್ಮ ಅಂದಿನ ಅಂಕಿ ಹಾಕಿ ಹೊಸದಾಗಿ ಬರೆಯುತ್ತಾರೆ. ನಾನು ಚಪ್ಪಲಿ ಬಿಟ್ಟು ಹಲಗೆ ಹತ್ತುತ್ತೇನೆ. ಅವರು ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು, ಆ ಭಾರದ ಗುಂಡನ್ನು ಮೆಲ್ಲಗೆ ಜಾರಿಸುತ್ತಾರೆ.

"ಇನ್ನೂ ಎರಡು ಕಿಲೋ ಕಡಿಮೆ ಕಣೇ" ಎನ್ನುತ್ತಾರೆ.

"ಹೌದು ದೊಡ್ಡಮ್ಮ, ತುಂಬಾ ಕಡಿಮೆ. ಮುಂದಿನ ಭಾನುವಾರ ಮತ್ತೆ ನೋಡಬೇಕು" ಎಂದು ನಾನು ಉಂಡೆ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ.